ಫ್ಲೋರಿನ್: ಕಲ್ಲಿನಿಂದ ಬಂದ ಹೆಸರು, ಕಲ್ಲಿನಿಂದ ಬಂದ ಕಂಟಕ

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ‘ಫ್ಲೋರೈಡ್ ನೀರು’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಹೆಸರಿನ ಹಿಂದಿರುವ ಫ್ಲೋರಿನ್ ಎಂಬ ಮೂಲಧಾತುವಿನ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ.

ಫ್ಲೋರೆಸೆಂಟ್ ದೀಪದಂತೆ ಹೊಳೆಯುವುದರಿಂದ ಫ್ಲೋರಿನ್‌ಗೆ ಆ ಹೆಸರು ಬಂತು ಎಂಬುದು ಒಂದು ನಂಬಿಕೆ. ನಡೆದದ್ದು ತಿರುಗುಮುರುಗು. ಅದಿರು ಕರಗಿಸುವ ಕುಲುಮೆಗೆ ಫ್ಲೋರ್‌ಸ್ಪಾರ್ ಎಂಬ ಕಲ್ಲು ಹಾಕಿದರೆ ಅದಿರು ಬೇಗ ಕರಗಿ ಹರಿಯುತ್ತಿತ್ತು. ಲ್ಯಾಟಿನ್‌ನಲ್ಲಿ ‘ಫ್ಲುಯೆರೆ’ ಎಂದರೆ ಹರಿಯುವುದು. ಜರ್ಮನಿಯ ಅಗ್ರಿಕೋಲ 1530ರಲ್ಲೇ ಈ ಕಲ್ಲಿನ ಬಗ್ಗೆ ಬರೆದಿದ್ದ. ಅದರೊಳಗೆ ಹೊಸ ಧಾತುವಿದೆ ಎಂದು ಊಹಿಸಿದ ಫ್ರಾನ್ಸಿನ ಆಂಪಿಯರ್, 1812ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಗೆ ಪತ್ರ ಬರೆದು ಈ ಹೆಸರು ಸೂಚಿಸಿದ. ಧಾತುವನ್ನು ಆಗ ಯಾರೂ ಕಂಡಿರಲಿಲ್ಲ! ಹೆನ್ರಿ ಮ್ವಾಸಾನ್ ಅದನ್ನು ಬೇರ್ಪಡಿಸಿದ್ದು 1886ರಲ್ಲಿ. ‘ಫ್ಲೋರೆಸೆನ್ಸ್’ ಪದವನ್ನು ವಿಜ್ಞಾನಿ ಸ್ಟೋಕ್ಸ್ 1852ರಲ್ಲಿ ಕಟ್ಟಿದ್ದೂ ಇದೇ ಕಲ್ಲಿನ ಹೆಸರಿನಿಂದ.

ಆಂಪಿಯರ್‌ಗೆ ಆಮೇಲೆ ಮನಸ್ಸು ಬದಲಾಯಿತು. ನಾಶಮಾಡುವುದು ಎಂಬ ಅರ್ಥದ ಗ್ರೀಕ್ ಮೂಲದ ಹೆಸರೇ ಸರಿ ಎಂದ; ರಷ್ಯನ್ನರು ಇಂದಿಗೂ ‘ಫ್ತೋರ್’ ಎನ್ನುತ್ತಾರೆ.

ಇನ್ನೊಂದು ಗೊಂದಲ, ಬ್ಲೀಚಿಂಗ್ ಪುಡಿಯಿಂದ ನೀರಿಗೆ ಫ್ಲೋರೈಡ್ ಸೇರುತ್ತದೆ ಎಂಬುದು. ನೀರಿನ ಟ್ಯಾಂಕಿಗೆ ಹಾಕುವ ಆ ಪುಡಿಯಲ್ಲಿರುವುದು ಕ್ಲೋರಿನ್. ಹಳದಿ ಮಿಶ್ರಿತ ಹಸಿರು ಬಣ್ಣದಿಂದ ಅದಕ್ಕೆ ಹೆಸರು ಬಂದಿದೆ. ಎರಡೂ ಒಂದೇ ಕುಟುಂಬದವು, ಆದರೆ ಬೇರೆ ಬೇರೆ ಧಾತುಗಳು.

ರಾಯಚೂರು ಜಿಲ್ಲೆಯ ನೀರಿಗೆ ಫ್ಲೋರೈಡ್ ಸೇರುವುದು ಮುಖ್ಯವಾಗಿ ಬಂಡೆಯಿಂದಲೇ. ಇಲ್ಲಿನ ನೆಲದಡಿಯ ಗ್ರಾನೈಟ್, ನೈಸ್ ಶಿಲೆಗಳಲ್ಲಿ ಅಪಟೈಟ್, ಬಯೊಟೈಟ್‌ನಂಥ ಫ್ಲೋರಿನ್ ಇರುವ ಖನಿಜಗಳಿವೆ. ಬಂಡೆಯ ಬಿರುಕಿನಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಅವನ್ನು ಕರಗಿಸಿಕೊಳ್ಳುತ್ತದೆ. ಅದೇ ನೀರು ಬೋರ್‌ವೆಲ್‌ನಿಂದ ಮೇಲೆ ಬರುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಜಿಲ್ಲೆಯಲ್ಲಿ ಜನ ಇಂಥ ನೀರು ಕುಡಿಯಬೇಕಾಗಿ ಬಂದದ್ದು ನೋವಿನ ಸಂಗತಿ.

ಮಕ್ಕಳ ಹಲ್ಲಿನ ಕಂದು ಪಟ್ಟೆ ಕಂಡು ‘ಸರಿಯಾಗಿ ಹಲ್ಲುಜ್ಜಲ್ಲ’ ಎಂದು ಗದರಿಸುವುದು ಅನ್ಯಾಯ. ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್‌ನ ಆ ಕಲೆ ಮೂಡುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ. ಎಷ್ಟು ಉಜ್ಜಿದರೂ ಹೋಗದು.

ಇಂಥ ನೀರನ್ನು ಕಾಯಿಸಿದರೆ ಸರಿಹೋಗುತ್ತದೆ ಎಂಬುದಂತೂ ಅಪಾಯದ ಮಾತು. ರೋಗಾಣುಗಳು ಸಾಯುತ್ತವೆ, ನೀರು ಆವಿಯಾಗುತ್ತದೆ, ಫ್ಲೋರೈಡ್ ಮಾತ್ರ ಪಾತ್ರೆಯಲ್ಲೇ ಉಳಿದು ತುಸು ಗಾಢವಾಗುತ್ತದೆ. ರುಚಿಯಿಂದಲೂ ಅದು ತಿಳಿಯದು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5. ಮಿತಿ ಮೀರಿದೆಯೇ ಎಂಬುದು ಪರೀಕ್ಷೆಯಿಂದಷ್ಟೇ ಗೊತ್ತಾಗುತ್ತದೆ. ಮೀರಿದ್ದರೆ ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಸಾಲದು. ಆರ್‌ಒ ಘಟಕ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾದ ಫಿಲ್ಟರ್ ಬೇಕು.