ಓವರ್‌ಕ್ಲಾಕಿಂಗ್‌ಗಾಗಿ ಮದರ್‌ಬೋರ್ಡ್ ಆಯ್ಕೆ

ಓವರ್‌ಕ್ಲಾಕಿಂಗ್ ಎಂದರೆ ಗಣಕಯಂತ್ರದ ಪ್ರೊಸೆಸರನ್ನು ಅದರ ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವುದು. ಹೀಗೆ ಹೆಚ್ಚಿಸಿದ ವೇಗವು ಎಲ್ಲಿಯವರೆಗೆ ಏರಬಲ್ಲದು ಮತ್ತು ಎಷ್ಟು ಕಾಲ ಸ್ಥಿರವಾಗಿ ಉಳಿಯಬಲ್ಲದು ಎಂಬುದನ್ನು ಪ್ರೊಸೆಸರಿನ ಗುಣಮಟ್ಟದಷ್ಟೇ ಮದರ್‌ಬೋರ್ಡಿನ ಗುಣಮಟ್ಟವೂ ನಿರ್ಧರಿಸುತ್ತದೆ. ಗಡಿಯಾರದ ಸಂಕೇತವನ್ನು ನೀಡುವುದು, ವಿದ್ಯುತ್ತನ್ನು ಬೇಕಾದ ವೋಲ್ಟೇಜಿಗೆ ಇಳಿಸಿ ಒದಗಿಸುವುದು, ಮೆಮೊರಿ ಮೊದಲಾದ ಇತರ ಭಾಗಗಳೊಡನೆ ಸಂಪರ್ಕ ಕಲ್ಪಿಸುವುದು ಮದರ್‌ಬೋರ್ಡಿನ ಕೆಲಸ. ನಾಲ್ಕು ಕೋರ್‌ಗಳ ಪ್ರೊಸೆಸರುಗಳಲ್ಲಿ ಈ ಮೂರೂ ಕೆಲಸಗಳ ಹೊರೆ ಎರಡು ಕೋರ್‌ಗಳ ಪ್ರೊಸೆಸರುಗಳಿಗಿಂತ ಹೆಚ್ಚು. ಆದುದರಿಂದ ಇಲ್ಲಿ ಮದರ್‌ಬೋರ್ಡಿನ ಆಯ್ಕೆಗೆ ಹೆಚ್ಚಿನ ಮಹತ್ವವಿದೆ.

## ಹಿನ್ನೆಲೆ

ಇಂಟೆಲ್ ಸಂಸ್ಥೆಯು ಮೇಜಿನ ಗಣಕಗಳಿಗಾಗಿ ತನ್ನ ಮೊದಲ ನಾಲ್ಕು ಕೋರ್‌ಗಳ ಪ್ರೊಸೆಸರಾದ ಕೋರ್ 2 ಎಕ್ಸ್‌ಟ್ರೀಮ್ ಕ್ಯೂಎಕ್ಸ್6700 ಅನ್ನು 2006ರ ನವೆಂಬರಿನಲ್ಲಿ ಹೊರತಂದಿತು. ಕೋರ್ 2 ಕ್ವಾಡ್ ಕ್ಯೂ6600 ಬಂದುದು 2007ರ ಜನವರಿಯಲ್ಲಿ. ಆರಂಭದಲ್ಲಿ 851 ಡಾಲರುಗಳಿದ್ದ ಇದರ ಸಗಟು ದರವು ಅದೇ ವರ್ಷದ ಜುಲೈ ವೇಳೆಗೆ 266 ಡಾಲರುಗಳಿಗೆ ಇಳಿಯಿತು. ಆ ಸುಮಾರಿಗೆ ಬಂದ ಜಿ0 ಎಂಬ ಪರಿಷ್ಕೃತ ರೂಪದಲ್ಲಿ ಶಾಖದ ಮಿತಿಯು 105 ವ್ಯಾಟ್‌ಗಳಿಂದ 95 ವ್ಯಾಟ್‌ಗಳಿಗೆ ತಗ್ಗಿತು. ಬೆಲೆಯೂ ಶಾಖವೂ ಒಟ್ಟಿಗೆ ಇಳಿದುದರಿಂದ ಈ ಪ್ರೊಸೆಸರು ಓವರ್‌ಕ್ಲಾಕಿಂಗ್ ಆಸಕ್ತರ ನಡುವೆ ಬಹಳ ಪ್ರಸಿದ್ಧವಾಯಿತು. ಮದರ್‌ಬೋರ್ಡಿನ ಪಾತ್ರವನ್ನು ಅರಿಯಲು ಇದು ಉತ್ತಮ ಉದಾಹರಣೆಯಾದ ಕಾರಣ ಈ ಲೇಖನದಲ್ಲಿ ಮುಖ್ಯವಾಗಿ ಇದನ್ನೇ ಬಳಸಲಾಗಿದೆ.

## ಮೂಲತತ್ವ

ಪ್ರೊಸೆಸರಿನ ವೇಗವು ಎರಡು ಸಂಖ್ಯೆಗಳ ಗುಣಲಬ್ಧವಾಗಿದೆ. ಒಂದು, ಮದರ್‌ಬೋರ್ಡು ನೀಡುವ ಮೂಲ ಗಡಿಯಾರದ ಆವರ್ತನ. ಇನ್ನೊಂದು, ಪ್ರೊಸೆಸರಿನೊಳಗಿನ ಗುಣಕ. ಕ್ಯೂ6600ರಲ್ಲಿ ಮೂಲ ಆವರ್ತನವು 266 ಮೆಗಾಹರ್ಟ್ಸ್, ಗುಣಕವು 9. ಇವುಗಳನ್ನು ಗುಣಿಸಿದರೆ 2.4 ಗಿಗಾಹರ್ಟ್ಸ್ ವೇಗ ದೊರೆಯುತ್ತದೆ. ಈ ಪ್ರೊಸೆಸರಿನ ಗುಣಕವನ್ನು 9ಕ್ಕಿಂತ ಹೆಚ್ಚಿಸಲು ಬರುವುದಿಲ್ಲ. ಆದ್ದರಿಂದ ವೇಗ ಹೆಚ್ಚಬೇಕಾದರೆ ಮೂಲ ಆವರ್ತನವನ್ನೇ ಏರಿಸಬೇಕು. ಅದನ್ನು 333ಕ್ಕೆ ಏರಿಸಿದರೆ 3.0 ಗಿಗಾಹರ್ಟ್ಸ್, 400ಕ್ಕೆ ಏರಿಸಿದರೆ 3.6 ಗಿಗಾಹರ್ಟ್ಸ್ ಆಗುತ್ತದೆ. ಹೀಗೆ ಏರಿಸಿದಾಗ ಪ್ರೊಸೆಸರು ಮಾತ್ರವಲ್ಲದೆ ಅದರೊಡನೆ ಬಸ್ಸಿನ ಮೂಲಕ ಸಂಪರ್ಕವಿರುವ ಚಿಪ್‌ಸೆಟ್ ಹಾಗೂ ಮೆಮೊರಿಗಳೂ ಹೆಚ್ಚು ವೇಗದಲ್ಲಿ ಕೆಲಸ ಮಾಡಬೇಕಾಗುತ್ತದೆ.

## ಸಾಕೆಟ್ ಹೊಂದಾಣಿಕೆ

ಪ್ರೊಸೆಸರು ಸಾಕೆಟ್ಟಿನಲ್ಲಿ ಕೂರುತ್ತದೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎನ್ನಲಾಗದು. ಎಲ್‌ಜಿಎ 775 ಸಾಕೆಟ್ಟು 2004ರಲ್ಲಿಯೇ ಬಳಕೆಗೆ ಬಂದಿತು. ಆದರೆ ಆಗಿನ 915 ಚಿಪ್‌ಸೆಟ್ಟಿನ ಬೋರ್ಡುಗಳು ಕೋರ್ 2 ಕ್ವಾಡ್ ಪ್ರೊಸೆಸರುಗಳನ್ನು ನಡೆಸಲಾರವು. ಇದೇ ಸಂಗತಿ ಮುಂದೆಯೂ ಮರುಕಳಿಸಿತು. 2017ರ ಕೋರ್ ಐ3-8350ಕೆ ನಾಲ್ಕು ಕೋರ್‌ಗಳ ಪ್ರೊಸೆಸರಾಗಿದ್ದು ಎಲ್‌ಜಿಎ 1151 ಸಾಕೆಟ್ಟಿನದೇ ಆಗಿದ್ದರೂ, ಅದೇ ಸಾಕೆಟ್ಟಿನ ಝಡ್170 ಮತ್ತು ಝಡ್270 ಚಿಪ್‌ಸೆಟ್ಟುಗಳ ಬೋರ್ಡುಗಳು ಅದನ್ನು ಅಧಿಕೃತವಾಗಿ ಬೆಂಬಲಿಸುವುದಿಲ್ಲ. ಅದರ ಓವರ್‌ಕ್ಲಾಕಿಂಗ್‌ಗೆ ಝಡ್370ರಂತಹ ಚಿಪ್‌ಸೆಟ್ಟಿರುವ ಬೋರ್ಡು ಅಗತ್ಯ.

ಎಎಮ್‌ಡಿ ಪ್ರೊಸೆಸರುಗಳಲ್ಲಿ ಬೇರೊಂದು ಬಗೆಯ ಮಿತಿಯಿದೆ. 2009ರ ಫೆನಮ್ 2 ಎಕ್ಸ್4 955 ಬ್ಲ್ಯಾಕ್ ಎಡಿಷನ್ನಿನ ಶಾಖದ ಮಿತಿ 125 ವ್ಯಾಟ್. ಆ ಕಾಲದ ಕೆಲವು ಅಗ್ಗದ ಬೋರ್ಡುಗಳು 95 ವ್ಯಾಟ್‌ವರೆಗಿನ ಪ್ರೊಸೆಸರುಗಳಿಗೆ ಮಾತ್ರ ಸೀಮಿತವಾಗಿದ್ದವು. ಆದುದರಿಂದ ಬೋರ್ಡು ತಯಾರಕರು ಪ್ರಕಟಿಸುವ ಪ್ರೊಸೆಸರ್ ಬೆಂಬಲ ಪಟ್ಟಿಯನ್ನು ಪರಿಶೀಲಿಸುವುದು ಆಯ್ಕೆಯ ಮೊದಲ ಹೆಜ್ಜೆಯಾಗಿದೆ. ಪ್ರೊಸೆಸರಿನ ಹೆಸರಿನ ಜೊತೆಗೆ ಅದಕ್ಕೆ ಬೇಕಾದ ಬಯಾಸ್ ಆವೃತ್ತಿಯನ್ನೂ ಆ ಪಟ್ಟಿಯಲ್ಲಿ ನೋಡಬೇಕು.

## ಚಿಪ್‌ಸೆಟ್ ಮತ್ತು ಬಸ್ಸಿನ ವೇಗ

ಕೋರ್ 2 ಕ್ವಾಡ್ ಪ್ರೊಸೆಸರಿನಲ್ಲಿ ಎರಡೆರಡು ಕೋರ್‌ಗಳ ಎರಡು ಸಿಲಿಕಾನ್ ತುಣುಕುಗಳನ್ನು ಒಂದೇ ಕವಚದಲ್ಲಿ ಜೋಡಿಸಲಾಗಿದೆ. ಎರಡೂ ತುಣುಕುಗಳು ಒಂದೇ ಬಸ್ಸನ್ನು ಹಂಚಿಕೊಳ್ಳುವುದರಿಂದ ಬಸ್ಸಿನ ಮೇಲಿನ ವಿದ್ಯುತ್ ಹೊರೆ ಹೆಚ್ಚುತ್ತದೆ. ಇದರ ಫಲವಾಗಿ, ಎರಡು ಕೋರ್‌ಗಳ ಪ್ರೊಸೆಸರಿನೊಡನೆ ಬೋರ್ಡು ತಲುಪುವ ಬಸ್ ಆವರ್ತನವನ್ನು ನಾಲ್ಕು ಕೋರ್‌ಗಳ ಪ್ರೊಸೆಸರಿನೊಡನೆ ಸಾಮಾನ್ಯವಾಗಿ ತಲುಪಲಾಗುವುದಿಲ್ಲ. ಬೋರ್ಡಿನ ಪರೀಕ್ಷಾ ಫಲಿತಾಂಶಗಳನ್ನು ಓದುವಾಗ ಅವು ಯಾವ ಬಗೆಯ ಪ್ರೊಸೆಸರಿನಿಂದ ದೊರೆತವು ಎಂಬುದನ್ನು ಗಮನಿಸಬೇಕಾದುದು ಇದಕ್ಕಾಗಿಯೇ.

ಗುಣಕವು ಚಿಕ್ಕದಾದಷ್ಟೂ ಬೋರ್ಡಿನ ಮೇಲಿನ ಹೊರೆ ಹೆಚ್ಚುತ್ತದೆ. ಒಂದೇ ಗುರಿಯಾದ 3.2 ಗಿಗಾಹರ್ಟ್ಸ್ ವೇಗಕ್ಕೆ ಬೇರೆಬೇರೆ ಪ್ರೊಸೆಸರುಗಳಿಗೆ ಬೇಕಾಗುವ ಆವರ್ತನವನ್ನು ಕೆಳಗಿನ ಕೋಷ್ಟಕದಲ್ಲಿ ನೀಡಲಾಗಿದೆ.

| ಪ್ರೊಸೆಸರ್ | ಗುಣಕ | ನಿಗದಿತ ಆವರ್ತನ (ಮೆಗಾಹರ್ಟ್ಸ್) | 3.2 ಗಿಗಾಹರ್ಟ್ಸ್‌ಗೆ ಬೇಕಾದ ಆವರ್ತನ (ಮೆಗಾಹರ್ಟ್ಸ್) |
|---|---|---|---|
| ಕ್ಯೂ6600 | 9 | 266 | 356 |
| ಕ್ಯೂ9550 | 8.5 | 333 | 376 |
| ಕ್ಯೂ9400 | 8 | 333 | 400 |
| ಕ್ಯೂ8200 | 7 | 333 | 457 |

ಪಿ35 ಮತ್ತು ಪಿ45 ಚಿಪ್‌ಸೆಟ್ಟುಗಳಿಗೆ ಇಂಟೆಲ್ ಅಧಿಕೃತವಾಗಿ ನಿಗದಿಪಡಿಸಿದ ಮೂಲ ಆವರ್ತನ 333 ಮೆಗಾಹರ್ಟ್ಸ್. ಎಕ್ಸ್48ಕ್ಕೆ ಮಾತ್ರ 400 ಮೆಗಾಹರ್ಟ್ಸ್ ನಿಗದಿಯಾಗಿತ್ತು. ಕ್ಯೂ6600ಕ್ಕೆ ಬೇಕಾದ 356ನ್ನು ಉತ್ತಮವಾದ ಪಿ35 ಬೋರ್ಡು ಸುಲಭವಾಗಿ ನೀಡುತ್ತದೆ. ಕ್ಯೂ8200ಕ್ಕೆ ಬೇಕಾದ 457 ಮೆಗಾಹರ್ಟ್ಸ್ ಒಳ್ಳೆಯ ಬೋರ್ಡಿಗೂ ಕಠಿಣ ಪರೀಕ್ಷೆ. ಪ್ರೊಸೆಸರಿನಲ್ಲಿ ಹಣ ಉಳಿಸಲೆಂದು ಕ್ಯೂ8200ನ್ನು ಕೊಂಡವರು, ಅದೇ ವೇಗಕ್ಕಾಗಿ ಬೋರ್ಡು ಮತ್ತು ಮೆಮೊರಿಗಳಿಗೆ ಹೆಚ್ಚು ಹಣ ತೆರಬೇಕಾಗುತ್ತದೆ.

ಮೂಲ ಆವರ್ತನ ಏರಿದಾಗ ಪಿಸಿಐ ಮತ್ತು ಪಿಸಿಐ ಎಕ್ಸ್‌ಪ್ರೆಸ್ ಬಸ್ಸುಗಳ ಆವರ್ತನವೂ ಏರದಂತೆ ತಡೆಹಿಡಿಯುವ ಸೌಲಭ್ಯ ಬೋರ್ಡಿನಲ್ಲಿ ಇರಲೇಬೇಕು. ಅವು ಕ್ರಮವಾಗಿ 33 ಮತ್ತು 100 ಮೆಗಾಹರ್ಟ್ಸ್‌ನಲ್ಲಿಯೇ ನಿಲ್ಲದಿದ್ದರೆ ಹಾರ್ಡ್ ಡಿಸ್ಕಿನಲ್ಲಿರುವ ದತ್ತಾಂಶವು ಕೆಡುವ ಅಪಾಯವಿದೆ.

## ವಿದ್ಯುತ್ ಪೂರೈಕೆ ಮಂಡಲ

ವಿದ್ಯುತ್ ಪೂರೈಕೆ ಘಟಕದಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಸುಮಾರು 1.2ರಿಂದ 1.4 ವೋಲ್ಟಿಗೆ ಇಳಿಸುವ ಮಂಡಲವು ಸಾಕೆಟ್ಟಿನ ಪಕ್ಕದಲ್ಲಿರುತ್ತದೆ. ಮಾಸ್ಫೆಟ್ಟುಗಳು, ಸುರುಳಿಗಳು ಮತ್ತು ಕೆಪಾಸಿಟರುಗಳು ಇದರ ಮುಖ್ಯ ಅಂಗಗಳು. ಓವರ್‌ಕ್ಲಾಕಿಂಗ್‌ನಲ್ಲಿ ಅತಿ ಹೆಚ್ಚು ಶ್ರಮಪಡುವ ಭಾಗ ಇದೇ ಆಗಿದೆ.

ಪ್ರೊಸೆಸರು ಕೆಲಸ ಮಾಡುವಾಗ ಬಳಸುವ ವಿದ್ಯುತ್ ಶಕ್ತಿಯು ಸ್ಥೂಲವಾಗಿ ಆವರ್ತನಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಕ್ಯೂ6600ರ ವೇಗವನ್ನು 2.4ರಿಂದ 3.6 ಗಿಗಾಹರ್ಟ್ಸ್‌ಗೂ ವೋಲ್ಟೇಜನ್ನು 1.25ರಿಂದ 1.40ಕ್ಕೂ ಏರಿಸಿದರೆಂದು ಭಾವಿಸೋಣ. ಆವರ್ತನವು 1.5 ಪಟ್ಟು, ವೋಲ್ಟೇಜಿನ ವರ್ಗವು ಸುಮಾರು 1.25 ಪಟ್ಟು ಆಗುವುದರಿಂದ ಶಕ್ತಿಯ ಬಳಕೆ ಸುಮಾರು 1.9 ಪಟ್ಟಾಗುತ್ತದೆ. ಅಂದರೆ ವೇಗ ಒಂದೂವರೆ ಪಟ್ಟಾದಾಗ ಶಾಖವು ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ.

ಪ್ರೊಸೆಸರು 1.4 ವೋಲ್ಟಿನಲ್ಲಿ 140 ವ್ಯಾಟ್ ಬಳಸಿದರೆ ಅದಕ್ಕೆ ಹರಿಯುವ ಪ್ರವಾಹ 100 ಆಂಪಿಯರ್. ಮಂಡಲದ ದಕ್ಷತೆ ಶೇಕಡಾ 85 ಇದ್ದರೆ ಸುಮಾರು 25 ವ್ಯಾಟ್ ಶಕ್ತಿಯು ಮಂಡಲದಲ್ಲಿಯೇ ಶಾಖವಾಗಿ ವ್ಯಯವಾಗುತ್ತದೆ. ಬೆಸುಗೆ ಹಾಕುವ ಸಾಮಾನ್ಯ ಉಪಕರಣವೊಂದರ ಶಕ್ತಿಯೂ ಇಷ್ಟೇ ಇರುತ್ತದೆ ಎಂಬುದನ್ನು ನೆನೆದರೆ ಮಾಸ್ಫೆಟ್ಟುಗಳಿಗೆ ಲೋಹದ ಶಾಖಹಾರಕ ಏಕೆ ಬೇಕೆಂಬುದು ಸ್ಪಷ್ಟವಾಗುತ್ತದೆ.

ಈ ಪ್ರವಾಹವನ್ನು ಹಲವು ಸಮಾಂತರ ಹಾದಿಗಳಲ್ಲಿ ಹಂಚಲಾಗುತ್ತದೆ. ಇವುಗಳನ್ನು ಫೇಸ್‌ಗಳೆಂದು ಕರೆಯುತ್ತಾರೆ. ನಾಲ್ಕು ಫೇಸ್‌ಗಳಿದ್ದರೆ ಪ್ರತಿಯೊಂದರ ಪಾಲಿಗೆ 25 ಆಂಪಿಯರ್, ಎಂಟಿದ್ದರೆ 12.5 ಆಂಪಿಯರ್ ಬರುತ್ತದೆ. ರೋಧದಿಂದಾಗುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಸಮಾನ ಭಾಗಗಳನ್ನು ಬಳಸಿದಾಗ ಪ್ರತಿ ಫೇಸಿನ ಅಂತಹ ಶಾಖ ಕಾಲುಭಾಗಕ್ಕೂ ಒಟ್ಟು ಶಾಖ ಅರ್ಧಕ್ಕೂ ಇಳಿಯುತ್ತದೆ. ಆದರೆ ಫೇಸ್‌ಗಳ ಸಂಖ್ಯೆಯೊಂದನ್ನೇ ನಂಬಿ ಬೋರ್ಡನ್ನು ಆರಿಸಲಾಗದು. ಕೆಳದರ್ಜೆಯ ಮಾಸ್ಫೆಟ್ಟುಗಳಿರುವ ಎಂಟು ಫೇಸ್‌ಗಳಿಗಿಂತ ಉತ್ತಮ ಮಾಸ್ಫೆಟ್ಟುಗಳಿರುವ ನಾಲ್ಕು ಫೇಸ್‌ಗಳು ಮೇಲಾಗಿರಬಹುದು.

ಕೊಳ್ಳುವವರು ಬರಿಗಣ್ಣಿನಿಂದ ಗುರುತಿಸಬಹುದಾದ ಲಕ್ಷಣಗಳೂ ಇವೆ. ಪ್ರೊಸೆಸರಿಗೆ ವಿದ್ಯುತ್ ನೀಡುವ ಕನೆಕ್ಟರ್ 4 ಪಿನ್ನುಗಳ ಬದಲು 8 ಪಿನ್ನುಗಳದಾಗಿರುವುದು, ಮಾಸ್ಫೆಟ್ಟುಗಳ ಮೇಲೆ ತಿರುಪಿನಿಂದ ಬಿಗಿದ ಶಾಖಹಾರಕ ಇರುವುದು, ಘನ ಪಾಲಿಮರ್ ಕೆಪಾಸಿಟರುಗಳಿರುವುದು ಒಳ್ಳೆಯ ಚಿಹ್ನೆಗಳು. ದ್ರವ ವಿದ್ಯುದ್ವಿಚ್ಛೇದ್ಯವಿರುವ ಕೆಪಾಸಿಟರುಗಳ ಆಯುಷ್ಯವು ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ.

## ಮೆಮೊರಿ

ಪಿ35, ಪಿ45 ಮೊದಲಾದ ಇಂಟೆಲ್ ಚಿಪ್‌ಸೆಟ್ಟುಗಳಲ್ಲಿ ಮೆಮೊರಿಯ ಆವರ್ತನವನ್ನು ಬಸ್ಸಿನ ಮೂಲ ಆವರ್ತನಕ್ಕಿಂತ ಕೆಳಗಿಳಿಸಲು ಬರುವುದಿಲ್ಲ. ಸಮಾನ ಅನುಪಾತವೇ ಅಲ್ಲಿ ಕನಿಷ್ಠ ಮಟ್ಟ. ಮೂಲ ಆವರ್ತನವು 400 ಮೆಗಾಹರ್ಟ್ಸ್ ಆದಾಗ ಡಿಡಿಆರ್2-800 ಮೆಮೊರಿಯು ತನ್ನ ನಿಗದಿತ ವೇಗದಲ್ಲಿಯೇ ಇರುತ್ತದೆ. ಅದು 457 ಆದರೆ ಮೆಮೊರಿಯು 914ರ ದರದಲ್ಲಿ ನಡೆಯಬೇಕಾಗಿ ಬರುವುದರಿಂದ ಡಿಡಿಆರ್2-1066 ಮೆಮೊರಿ ಅಗತ್ಯವಾಗುತ್ತದೆ.

## ಬಯಾಸ್ ಸೌಲಭ್ಯಗಳು

ಬೋರ್ಡಿನ ವಿದ್ಯುತ್ ಮಂಡಲ ಎಷ್ಟೇ ಉತ್ತಮವಾಗಿದ್ದರೂ ಅದನ್ನು ನಿಯಂತ್ರಿಸುವ ಆಯ್ಕೆಗಳು ಬಯಾಸ್‌ನಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಮೂಲ ಆವರ್ತನವನ್ನು ಒಂದೊಂದೇ ಮೆಗಾಹರ್ಟ್ಸ್‌ನಂತೆ ಏರಿಸುವ, ಪ್ರೊಸೆಸರ್, ಚಿಪ್‌ಸೆಟ್ ಹಾಗೂ ಮೆಮೊರಿಗಳ ವೋಲ್ಟೇಜನ್ನು ಪ್ರತ್ಯೇಕವಾಗಿ ಹೊಂದಿಸುವ ಅವಕಾಶವಿರಬೇಕು.

ಹೊರೆ ಬಿದ್ದಾಗ ಪ್ರೊಸೆಸರಿನ ವೋಲ್ಟೇಜು ತುಸು ಕುಸಿಯುವಂತೆ ವಿನ್ಯಾಸದಲ್ಲಿಯೇ ಏರ್ಪಾಡು ಇರುತ್ತದೆ. ಈ ಕುಸಿತವನ್ನು ತಗ್ಗಿಸುವ ಸೌಲಭ್ಯಕ್ಕೆ ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂದು ಹೆಸರು. ಇದನ್ನು ಮಿತಿಮೀರಿ ಬಳಸಿದರೆ ಹೊರೆ ಇಳಿದ ಕ್ಷಣದಲ್ಲಿ ವೋಲ್ಟೇಜು ನಿಗದಿತ ಮಟ್ಟಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ. ಪ್ರಯೋಗ ವಿಫಲವಾಗಿ ಗಣಕವು ಚಾಲನೆಗೊಳ್ಳದಿದ್ದಾಗ ಹಳೆಯ ಹೊಂದಿಕೆಗೆ ಮರಳಿಸುವ ಗುಂಡಿ ಅಥವಾ ಎರಡನೆಯ ಬಯಾಸ್ ಚಿಪ್ ಇದ್ದರೆ ಅನುಕೂಲ.

## ನಂತರದ ತಲೆಮಾರುಗಳು

2011ರ ಜನವರಿಯಲ್ಲಿ ಬಂದ ಸ್ಯಾಂಡಿ ಬ್ರಿಜ್ ತಲೆಮಾರಿನಲ್ಲಿ ಈ ಕ್ರಮ ಬದಲಾಯಿತು. ಇದರಲ್ಲಿ 100 ಮೆಗಾಹರ್ಟ್ಸ್‌ನ ಒಂದೇ ಮೂಲ ಗಡಿಯಾರವು ಪಿಸಿಐ ಎಕ್ಸ್‌ಪ್ರೆಸ್ ಮತ್ತು ಸಾಟಾ ಸಂಪರ್ಕಗಳಿಗೂ ಆಧಾರವಾದ್ದರಿಂದ ಅದನ್ನು ಕೆಲವೇ ಶೇಕಡಾ ಮಾತ್ರ ಏರಿಸಬಹುದಾಗಿತ್ತು. ಹಾಗಾಗಿ ಓವರ್‌ಕ್ಲಾಕಿಂಗ್ ಮುಖ್ಯವಾಗಿ ಗುಣಕದ ಮೂಲಕವೇ ನಡೆಯತೊಡಗಿತು. ಇದಕ್ಕೆ ಎರಡು ಅನುಮತಿಗಳು ಬೇಕಾದವು: ಕೋರ್ ಐ5-2500ಕೆಯಂತೆ ಹೆಸರಿನ ಕೊನೆಯಲ್ಲಿ 'ಕೆ' ಇರುವ ಪ್ರೊಸೆಸರು ಮತ್ತು ಪಿ67 ಅಥವಾ ಝಡ್68 ಚಿಪ್‌ಸೆಟ್. ಎಚ್61 ಮತ್ತು ಎಚ್67 ಬೋರ್ಡುಗಳಲ್ಲಿ 'ಕೆ' ಪ್ರೊಸೆಸರಿನ ಕೋರ್‌ಗಳ ಗುಣಕವನ್ನು ಹೆಚ್ಚಿಸಲಾಗದು. ಹೆಚ್ಚು ಬೆಲೆಯ ಪ್ರೊಸೆಸರನ್ನು ಕೊಂಡು, ಚಿಪ್‌ಸೆಟ್ಟನ್ನು ಗಮನಿಸದೆ ಇಂತಹ ಬೋರ್ಡಿನಲ್ಲಿ ಕೂರಿಸಿದರೆ ಆ ಹೆಚ್ಚಿನ ಬೆಲೆಯ ಫಲ ದೊರೆಯದು.

ಎಎಮ್‌ಡಿಯ 2017ರ ರೈಜನ್ 3 1200 ಮತ್ತು 1300ಎಕ್ಸ್ ನಾಲ್ಕು ಕೋರ್‌ಗಳ ಪ್ರೊಸೆಸರುಗಳಲ್ಲಿ ಗುಣಕಕ್ಕೆ ಬೀಗವಿಲ್ಲ. ಎಕ್ಸ್370 ಮತ್ತು ಬಿ350 ಚಿಪ್‌ಸೆಟ್ಟುಗಳು ಓವರ್‌ಕ್ಲಾಕಿಂಗ್‌ಗೆ ಅವಕಾಶ ನೀಡುತ್ತವೆ, ಎ320 ನೀಡುವುದಿಲ್ಲ.

## ಅಪಾಯಗಳು ಮತ್ತು ಮಿತಿಗಳು

ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಪ್ರೊಸೆಸರ್ ತಯಾರಕರ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. ಗಣಕವು ಥಟ್ಟನೆ ಸ್ಥಗಿತಗೊಳ್ಳುವುದು ಕಣ್ಣಿಗೆ ಕಾಣುವ ದೋಷ. ಅದಕ್ಕಿಂತ ಕೆಟ್ಟದ್ದು ಕಾಣದೆ ನಡೆಯುವ ದೋಷ. ಅಸ್ಥಿರವಾದ ಬಸ್ ಅಥವಾ ಮೆಮೊರಿಯು ಲೆಕ್ಕದಲ್ಲಿ ತಪ್ಪು ಮಾಡಿ, ಆ ತಪ್ಪು ಕಡತಗಳಲ್ಲಿ ಸದ್ದಿಲ್ಲದೆ ಸೇರಿಕೊಳ್ಳಬಹುದು. ಆದ್ದರಿಂದ ಹೊಸ ವೇಗವನ್ನು ಪ್ರೈಮ್95, ಮೆಮ್‌ಟೆಸ್ಟ್86 ಮುಂತಾದ ತಂತ್ರಾಂಶಗಳಿಂದ ಹಲವು ಗಂಟೆಗಳ ಕಾಲ ಪರೀಕ್ಷಿಸುವ ರೂಢಿಯಿದೆ. ಪರೀಕ್ಷೆಗೆ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸುವುದು ಅವಶ್ಯ.

ಸಾಮಾನ್ಯ ಗಾಳಿ ತಂಪುಕಾರಕವು ಯಾವ ಭಾಗವನ್ನೂ ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರುಗಳಂತಹ ಊರುಗಳಲ್ಲಿ, 25 ಡಿಗ್ರಿಯ ಕೋಣೆಯಲ್ಲಿ ಪಡೆದ ಪರೀಕ್ಷಾ ಫಲಿತಾಂಶವು ಹಾಗೆಯೇ ಅನ್ವಯವಾಗದು. ಚಳಿಗಾಲದಲ್ಲಿ ಸ್ಥಿರವಾಗಿದ್ದ ಹೊಂದಿಕೆಯನ್ನು ಬೇಸಿಗೆಯಲ್ಲಿ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ನಾಲ್ಕು ಕೋರ್‌ಗಳ ಹಳೆಯ ಪ್ರೊಸೆಸರುಗಳಿಗೆ ಈಗ ಹೆಚ್ಚಾಗಿ ದೊರೆಯುವುದು ಬಳಸಿದ ಬೋರ್ಡುಗಳೇ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಅಂತಹವನ್ನು ಕೊಳ್ಳುವಾಗ ಉಬ್ಬಿದ ಅಥವಾ ಸೋರಿದ ಕೆಪಾಸಿಟರುಗಳು, ಸಾಕೆಟ್ಟಿನಲ್ಲಿ ಬಾಗಿದ ಪಿನ್ನುಗಳು, ಮಾಸ್ಫೆಟ್ಟುಗಳ ಸುತ್ತ ಬಣ್ಣಗೆಟ್ಟ ಫಲಕ ಇವೆಯೇ ಎಂದು ನೋಡಬೇಕು. ಇವುಗಳಲ್ಲಿ ಯಾವುದೊಂದು ಕಂಡರೂ ಆ ಬೋರ್ಡು ಓವರ್‌ಕ್ಲಾಕಿಂಗ್‌ಗೆ ತಕ್ಕುದಲ್ಲ.

## ಆಯ್ಕೆಯ ಕ್ರಮ

1. ಪ್ರೊಸೆಸರಿನ ಗುಣಕವನ್ನು ಹೆಚ್ಚಿಸಬಹುದೇ ಎಂದು ತಿಳಿಯುವುದು.
2. ಬೋರ್ಡಿನ ಪ್ರೊಸೆಸರ್ ಬೆಂಬಲ ಪಟ್ಟಿ ಹಾಗೂ ಬಯಾಸ್ ಆವೃತ್ತಿಯನ್ನು ಪರಿಶೀಲಿಸುವುದು.
3. ಚಿಪ್‌ಸೆಟ್ಟು ಓವರ್‌ಕ್ಲಾಕಿಂಗ್‌ಗೆ ಅವಕಾಶ ನೀಡುತ್ತದೆಯೇ ಎಂದು ನೋಡುವುದು.
4. ಗುರಿಯ ವೇಗವನ್ನು ಗುಣಕದಿಂದ ಭಾಗಿಸಿ, ಬೇಕಾದ ಮೂಲ ಆವರ್ತನವನ್ನು ಬೋರ್ಡು ನಾಲ್ಕು ಕೋರ್‌ಗಳ ಪ್ರೊಸೆಸರಿನೊಡನೆ ನೀಡಬಲ್ಲದೇ ಎಂದು ತಿಳಿಯುವುದು.
5. ವಿದ್ಯುತ್ ಪೂರೈಕೆ ಮಂಡಲದ ಗುಣಮಟ್ಟ ಮತ್ತು ಅದರ ತಂಪಿಸುವಿಕೆಯನ್ನು ಪರಿಶೀಲಿಸುವುದು.
6. ಮೆಮೊರಿಯ ವೇಗ ಮತ್ತು ಬಯಾಸ್ ಸೌಲಭ್ಯಗಳನ್ನು ಹೋಲಿಸುವುದು.

ಹೆಚ್ಚುವರಿ ಗ್ರಾಫಿಕ್ಸ್ ಸ್ಲಾಟುಗಳು, ಅಲಂಕಾರದ ದೀಪಗಳು, ಜೊತೆಗೆ ಬರುವ ತಂತ್ರಾಂಶಗಳು ಬೋರ್ಡಿನ ಬೆಲೆಯನ್ನು ಏರಿಸುತ್ತವೆಯೇ ಹೊರತು ಪ್ರೊಸೆಸರಿನ ಸ್ಥಿರ ವೇಗವನ್ನು ಏರಿಸುವುದಿಲ್ಲ. ಮಧ್ಯಮ ಬೆಲೆಯದಾದರೂ ಮೇಲಿನ ಆರು ಅಂಶಗಳಲ್ಲಿ ಸರಿಹೊಂದುವ ಬೋರ್ಡು ಈ ಉದ್ದೇಶಕ್ಕೆ ಸಾಕಾಗುತ್ತದೆ.