ಚೆಂಬೂರಿನಿಂದ ಕರಾವಳಿಗೆ ಕಡಿಮೆ ಖರ್ಚಿನ ಪ್ರವಾಸ: ಟಿಕೆಟ್, ಬಸ್, ಊಟದ ಲೆಕ್ಕ ಹೀಗಿರಲಿ

ಚೆಂಬೂರು (ಮುಂಬೈ): ಮೇ ರಜೆ ಅಥವಾ ಚೌತಿ ಹತ್ತಿರ ಬಂತೆಂದರೆ ಚೆಂಬೂರಿನ ಕನ್ನಡ, ತುಳು ಮನೆಗಳಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: 'ಊರಿಗೆ ಟಿಕೆಟ್ ಆಯಿತಾ?' ರೈಲು ಟಿಕೆಟ್ ಸಿಗದಿದ್ದರೆ ಮೈತ್ರಿ ಪಾರ್ಕ್ ಬಳಿ ಖಾಸಗಿ ಬಸ್ಸಿಗೆ ಕಾಯಬೇಕು. ಸೀಸನ್‌ನಲ್ಲಿ ಬಸ್ ದರ ಏರುವುದರಿಂದ ನಾಲ್ಕು ಜನರ ಕುಟುಂಬಕ್ಕೆ ಹೋಗಿ ಬರುವ ಖರ್ಚೇ ದೊಡ್ಡ ಹೊರೆ. ಆದರೆ ದಿನಾಂಕ ಮತ್ತು ನಿಯಮಗಳನ್ನು ಮೊದಲೇ ತಿಳಿದುಕೊಂಡರೆ ಕೊಂಕಣದಿಂದ ಮಂಗಳೂರಿನವರೆಗಿನ ಕರಾವಳಿಯನ್ನು ಕಡಿಮೆ ಹಣದಲ್ಲೇ ಸುತ್ತಬಹುದು.

ಟರ್ಮಿನಸ್ ಪಕ್ಕದಲ್ಲೇ ಇದೆ

ಚೆಂಬೂರಿನವರಿಗೆ ದೊಡ್ಡ ಅನುಕೂಲ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ಹಾರ್ಬರ್ ಲೈನ್‌ನಲ್ಲಿ ಒಂದೇ ಸ್ಟೇಷನ್ ದೂರದ ತಿಲಕ್ ನಗರದಲ್ಲಿ ಇಳಿದರೆ ಟರ್ಮಿನಸ್ ಹತ್ತಿರ. ಮಂಗಳೂರು ಸೆಂಟ್ರಲ್‌ಗೆ ಹೋಗುವ ಮತ್ಸ್ಯಗಂಧ ಮತ್ತು ಕೇರಳಕ್ಕೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ ಇಲ್ಲಿಂದಲೇ ಹೊರಡುತ್ತವೆ. ಸಿಎಸ್‌ಎಂಟಿಯಿಂದ ಮಂಗಳೂರು ಜಂಕ್ಷನ್‌ಗೆ ಇನ್ನೊಂದು ರೈಲಿದೆ.

ರೋಹಾದಿಂದ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ರೈಲು ಮಾರ್ಗ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. ಈ ಮಾರ್ಗದಲ್ಲಿ ನಿಜವಾದ ಅಂತರಕ್ಕಿಂತ ಹೆಚ್ಚು ಕಿ.ಮೀ. ಲೆಕ್ಕ ಹಾಕಿ ದರ ವಸೂಲಿ ಮಾಡಲಾಗುತ್ತದೆ. ಹಾಗಿದ್ದರೂ ಮಂಗಳೂರಿಗೆ ಸ್ಲೀಪರ್ ದರ ಸಾವಿರ ರೂಪಾಯಿಯೊಳಗೇ ಇದೆ. 5ರಿಂದ 12 ವರ್ಷದ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಗಿದೆ.

60 ದಿನದ ಲೆಕ್ಕ ತಪ್ಪಬೇಡಿ

ಮುಂಗಡ ಬುಕಿಂಗ್ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಪ್ರಯಾಣದ ದಿನವನ್ನು ಬಿಟ್ಟು ಎಣಿಸಬೇಕು. ಮೇ 10ಕ್ಕೆ ಹೊರಡುವವರಿಗೆ ಮಾರ್ಚ್ 11ರ ಬೆಳಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಮೇ 25ಕ್ಕೆ ಮರಳುವುದಾದರೆ ಮಾರ್ಚ್ 26ರಂದು ಮತ್ತೆ ಕೂರಬೇಕು. ಹೋಗುವ ಟಿಕೆಟ್ ಮಾಡಿ, ಬರುವ ಟಿಕೆಟ್ ಮರೆತು ಸಿಕ್ಕಿಹಾಕಿಕೊಳ್ಳುವವರೇ ಹೆಚ್ಚು.

ತತ್ಕಾಲ್ ಬುಕಿಂಗ್ ರೈಲು ಹೊರಡುವ ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ ಶುರುವಾಗುತ್ತದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು. ಇದನ್ನು ಮೊದಲೇ ಮುಗಿಸಿಡಿ. ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಬೋಗಿ ಹತ್ತುವಂತಿಲ್ಲ.

ಇಳಿದು ನೋಡುತ್ತಾ ಹೋಗುವವರಿಗೆ

ಊರಿಗೆ ನೇರವಾಗಿ ಹೋಗುವ ಆತುರ ಇಲ್ಲದಿದ್ದರೆ ದಾರಿಯನ್ನು ತುಂಡು ಮಾಡಿಕೊಳ್ಳಬಹುದು. ಕುರ್ಲಾದಿಂದ ಸ್ಲೋ ಲೋಕಲ್‌ನಲ್ಲಿ ದಿವಾ ತಲುಪಿದರೆ ಅಲ್ಲಿಂದ ರತ್ನಗಿರಿ, ಸಾವಂತವಾಡಿಗೆ ಹಗಲು ರೈಲುಗಳಿವೆ. ದಕ್ಷಿಣದಲ್ಲಿ ಮಡಗಾಂವ್–ಮಂಗಳೂರು ನಡುವಿನ ಮೆಮು ರೈಲು ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಕುಂದಾಪುರ, ಉಡುಪಿ ದಾಟಿ ಹೋಗುತ್ತದೆ. ಇದಕ್ಕೆ ರಿಸರ್ವೇಶನ್ ಬೇಕಿಲ್ಲ. ರೈಲ್‌ವನ್ ಆ್ಯಪ್‌ನಲ್ಲೇ ಟಿಕೆಟ್ ಪಡೆಯಬಹುದು.

ಆದರೆ ಸ್ಟೇಷನ್‌ನಿಂದ ಊರಿಗಿರುವ ದೂರವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗೋಕರ್ಣ ರೋಡ್ ಸ್ಟೇಷನ್ ಪೇಟೆಯಿಂದ ಸುಮಾರು 10 ಕಿ.ಮೀ. ದೂರ. ಬೈಂದೂರಿನ ಮೂಕಾಂಬಿಕಾ ರೋಡ್‌ನಿಂದ ಕೊಲ್ಲೂರಿಗೆ ಮತ್ತೊಂದು ಬಸ್ ಹಿಡಿಯಬೇಕು. ರಾತ್ರಿ ಇಳಿದರೆ ರೈಲಿನಲ್ಲಿ ಉಳಿಸಿದ ಹಣ ಆಟೋಗೆ ಹೋಗುತ್ತದೆ.

ಗಡಿ ದಾಟಿದರೆ ರಿಯಾಯಿತಿ ಬದಲು

ಇಲ್ಲಿ ಹಲವರು ಎಡವುತ್ತಾರೆ. ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ದರ. 75 ದಾಟಿದ ಹಿರಿಯರಿಗೆ ಉಚಿತ. ರತ್ನಗಿರಿ, ಸಿಂಧುದುರ್ಗದಲ್ಲಿ ಸುತ್ತುವಾಗ ಇದು ದೊಡ್ಡ ಉಳಿತಾಯ. ಆದರೆ ಈ ಸೌಲಭ್ಯ ರಾಜ್ಯದ ಗಡಿಯವರೆಗೆ ಮಾತ್ರ.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ ಉಚಿತ. ಆದರೆ ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಹುಟ್ಟಿದ್ದು ಕುಂದಾಪುರದಲ್ಲೇ ಆಗಿದ್ದರೂ ಆಧಾರ್‌ನಲ್ಲಿ ಚೆಂಬೂರಿನ ವಿಳಾಸ ಇದ್ದರೆ ಟಿಕೆಟ್ ತೆಗೆಯಲೇಬೇಕು. ಮೇಲಾಗಿ ಉಡುಪಿ–ಮಂಗಳೂರು ನಡುವೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಅವುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ.

ಊಟ ಮತ್ತು ಮಳೆಗಾಲ

ಉಡುಪಿ ಶ್ರೀಕೃಷ್ಣ ಮಠ, ಕೊಲ್ಲೂರು, ಕಟೀಲು ಕ್ಷೇತ್ರಗಳಲ್ಲಿ ಭಕ್ತರಿಗೆ ಅನ್ನಪ್ರಸಾದ ಇದೆ. ಮಧ್ಯಾಹ್ನದ ಹೊತ್ತಿಗೆ ತಲುಪುವಂತೆ ಯೋಜಿಸಿದರೆ ಒಂದು ಊಟದ ಖರ್ಚು ಉಳಿಯುತ್ತದೆ.

ಮಳೆಗಾಲದಲ್ಲಿ ಹಬ್ಬದ ದಿನ ಬಿಟ್ಟರೆ ಟಿಕೆಟ್, ರೂಮು ಸಿಗುವುದು ಸುಲಭ. ಆದರೆ ಆಗ ಕೊಂಕಣ ರೈಲ್ವೆ ವೇಗ ತಗ್ಗಿಸಿ ಬೇರೆ ವೇಳಾಪಟ್ಟಿ ಪಾಲಿಸುತ್ತದೆ. 2025ರಲ್ಲಿ ಅದು ಜೂನ್ 15ರಿಂದ ಅಕ್ಟೋಬರ್ 20ರವರೆಗಿತ್ತು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಬೋಟುಗಳೂ ನಿಲ್ಲುತ್ತವೆ. ಬೀಚ್ ನೋಡಲೇಬೇಕೆಂದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಕ್ರಿಸ್‌ಮಸ್ ವಾರ ಬಿಟ್ಟು.

ಹೊರಡುವ ಮುನ್ನ ಮೂರು ಕೆಲಸ ಮುಗಿಸಿ: ಎರಡೂ ಕಡೆಯ ಬುಕಿಂಗ್ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಖಾತೆಗೆ ಆಧಾರ್ ಜೋಡಿಸಿ, ಮನೆಯ ಹಿರಿಯರ ಗುರುತಿನ ಚೀಟಿಯಲ್ಲಿರುವ ವಿಳಾಸ, ವಯಸ್ಸು ನೋಡಿಕೊಳ್ಳಿ.