ಪ್ರದರ್ಶನ ಸುತ್ತಿಸಿದ ಪುಟಾಣಿ ರೈಲು

ವಸ್ತುಪ್ರದರ್ಶನಕ್ಕೆ ಹೊರಡೋಣ ಎಂದರೆ ಮೊದಲು ಕುಣಿಯುವವು ಮಕ್ಕಳೇ. ಅರ್ಧ ಮೈದಾನ ಸುತ್ತುವಷ್ಟರಲ್ಲಿ ‘ಅಮ್ಮಾ, ಎತ್ಕೋ’ ಎಂದು ರಾಗ ಎಳೆಯುವವೂ ಅವೇ. ಇನ್ನು ಅತ್ತೆಯವರ ಮಂಡಿನೋವಿನ ಮಾತು ಬೇಡ! ಇದು ನಮ್ಮ ಕಡೆಯ ಪಾಡು ಮಾತ್ರ ಅಂದುಕೊಂಡಿರಾ? 1889ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಬಂದವರಿಗೂ ಇದೇ ಚಿಂತೆ. ಐಫೆಲ್ ಗೋಪುರ ತಲೆಯೆತ್ತಿದ್ದು ಆ ಪ್ರದರ್ಶನಕ್ಕಾಗಿಯೇ. ಒಂದು ತುದಿ ಆಂವಲೀದ್ ಮೈದಾನ, ಇನ್ನೊಂದು ತುದಿ ಗೋಪುರದಾಚೆಯ ಭಾರೀ ಯಂತ್ರಶಾಲೆ. ನಡೆದು ನೋಡಿ ಮುಗಿಸುವುದುಂಟೇ?

ಅದಕ್ಕೇ ಸೇನ್ ನದಿಯ ದಂಡೆಗುಂಟ ಸುಮಾರು ಮೂರು ಕಿಲೋಮೀಟರ್ ಉದ್ದದ ಪುಟ್ಟ ರೈಲು ಹಾಕಿದರು. ಹಳಿಗಳ ನಡುವಿನ ಅಂತರ ಬರೀ 60 ಸೆಂಟಿಮೀಟರ್. ನೀವು ಉಟ್ಟ ಸೀರೆಯ ಅಗಲದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ!

ಇದನ್ನು ಹಾಕಿದವರು ಪಾಲ್ ಡಕೋವಿಲ್. ಅವರದು ಬೇಸಾಯದ ಮನೆತನ. 1875ರಲ್ಲಿ ಹೊಲದ ತುಂಬ ಸಕ್ಕರೆ ಬೀಟ್‌ರೂಟ್ ಬೆಳೆದು ನಿಂತಿತ್ತು. ಆದರೆ ಮಳೆ ಹಿಡಿದು ಗಾಡಿಗಳು ಕೆಸರಲ್ಲಿ ಹೂತುಹೋಗತೊಡಗಿದವು. ಕಿತ್ತ ಗೆಡ್ಡೆ ಕೊಳೆತರೆ ವರ್ಷದ ದುಡಿಮೆ ನೀರುಪಾಲು. ಆಗ ಅವರಿಗೆ ಹೊಳೆದದ್ದು ಏಣಿಯಂಥ ಹಳಿ! ಎರಡು ಕಂಬಿ, ನಡುವೆ ಅಡ್ಡಪಟ್ಟಿ. ಆಳುಗಳೇ ಎತ್ತಿಕೊಂಡು ಹೋಗಿ ಬೇಕಾದಲ್ಲಿ ಜೋಡಿಸಬಹುದು, ಕೆಲಸ ಮುಗಿದರೆ ಕಳಚಬಹುದು. ಬೆಳೆ ಉಳಿಯಿತು. ಹೊಲದ ಕಷ್ಟ ಕಲಿಸಿದ ವಿದ್ಯೆ ನೋಡಿ!

ಗೆಡ್ಡೆ ಸಾಗಿಸಿದ ಹಳಿ ಜನರನ್ನು ಹೊತ್ತೀತೇ? ಪ್ರದರ್ಶನ ನಡೆದ ಆರು ತಿಂಗಳಲ್ಲಿ 63 ಲಕ್ಷಕ್ಕೂ ಮಿಕ್ಕ ಜನ ಅದರಲ್ಲಿ ಕೂತು ಓಡಾಡಿದರು! ಕಿರಿದಾದ ತಿರುವುಗಳಲ್ಲೂ ಹೊರಳಲೆಂದು ಮ್ಯಾಲೆ ಎಂಬ ಇಂಜಿನಿಯರ್ ರೂಪಿಸಿದ ಉಗಿಬಂಡಿಗಳಿದ್ದವು. ಅವುಗಳ ಗಾಲಿಗಳು ಎರಡು ಗುಂಪು. ಮುಂದಿನ ಗುಂಪು ತಿರುವಿಗೆ ತಕ್ಕಂತೆ ಹೊರಳುತ್ತಿತ್ತು.

ಡಬ್ಬಿಗಳ ಪಕ್ಕಗಳು ತೆರೆದೇ ಇದ್ದವು. ಮರಗಳೋ, ಕೈ ಚಾಚಿದರೆ ತಗಲುವಷ್ಟು ಹತ್ತಿರ. ಹಾಗಾಗಿ ‘ತಲೆ, ಕೈಕಾಲು ಹೊರಗೆ ಹಾಕಬೇಡಿ’ ಎಂಬ ಎಚ್ಚರಿಕೆಯನ್ನು ಹಲವು ಭಾಷೆಗಳಲ್ಲಿ ಅಂಟಿಸಿದ್ದರು. ಮಕ್ಕಳ ರೈಲಿನಲ್ಲಿ ನಿಮ್ಮ ಚಿಣ್ಣರನ್ನು ಕೂರಿಸುವಾಗ ನೀವೂ ಇದನ್ನು ಒಂದು ಸಲ ಕಿವಿಗೆ ಹಾಕಿಬಿಡಿ. ಅವಕ್ಕೆ ಕೈ ಬೀಸದಿದ್ದರೆ ಸಮಾಧಾನವಿಲ್ಲ ಕಣ್ರೀ!

ನಮ್ಮ ಡಾರ್ಜಿಲಿಂಗ್ ರೈಲಿನ ಅಗಲವೂ ಹೆಚ್ಚುಕಡಿಮೆ ಇಷ್ಟೇ. ಅದು 1881ರಲ್ಲೇ ಬೆಟ್ಟ ಹತ್ತಿತ್ತು, ಇಂದಿಗೂ ಓಡುತ್ತಿದೆ. ಪ್ಯಾರಿಸ್ಸಿನದು ಮಾತ್ರ ಪ್ರದರ್ಶನ ಮುಗಿದೊಡನೆ ಜಾತ್ರೆಯ ಅಂಗಡಿಯಂತೆ ಎದ್ದುಹೋಯಿತು. ಆದರೆ ಅಷ್ಟೇ ಅಗಲದ ಹಳಿಗಳು 1914ರ ಮಹಾಯುದ್ಧದಲ್ಲಿ ಮತ್ತೆ ಫ್ರಾನ್ಸಿನ ಕೆಸರಿನ ಮೇಲೆ ಬಿದ್ದವು. ಹೋಗುವಾಗ ಮದ್ದುಗುಂಡು ಹೊತ್ತ ಆ ಬಂಡಿಗಳು, ಬರುವಾಗ ಗಾಯಗೊಂಡ ಹುಡುಗರನ್ನು ಹೊತ್ತು ತರುತ್ತಿದ್ದವು.